ಓದುಗರ ಪ್ರಶ್ನೆ: ಕಂಪ್ಲೇಂಟ್ ಕ್ಲೋಸ್ ಮಾಡಿಬಿಟ್ಟರು, ಫ್ರಿಡ್ಜ್ ಇನ್ನೂ ಕೆಟ್ಟೇ ನಿಂತಿದೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಗೋಳಿನವು. ದುಡ್ಡು ಕೊಟ್ಟಿದ್ದೇವೆ, ಸಾಮಾನು ಸರಿ ಇಲ್ಲ, ಕೇಳೋಣ ಅಂದರೆ ಯಾರೂ ಕೈಗೆ ಸಿಗುತ್ತಿಲ್ಲ. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಈ ಸಲ ಇವಕ್ಕೇ ಉತ್ತರ ಬರೆಯುತ್ತಿದ್ದೇನೆ. ಮೊದಲನೆಯ ಉತ್ತರ ಉದ್ದವಾಗಿದೆ. ಅದೇ ಪ್ರಶ್ನೆಯನ್ನು ಬೇರೆ ಬೇರೆ ಊರಿನವರು ವಾಷಿಂಗ್ ಮಷಿನ್, ಟೀವಿ, ಮಿಕ್ಸಿ ಅಂತ ಕೇಳಿದ್ದಾರೆ, ಅವರೆಲ್ಲರಿಗೂ ಇದೇ ಉತ್ತರ.

ಮೇಡಂ, ನಾಲ್ಕು ತಿಂಗಳ ಹಿಂದೆ 31,000 ರೂಪಾಯಿ ಕೊಟ್ಟು ಫ್ರಿಡ್ಜ್ ತಂದೆವು. ಒಂದೂವರೆ ತಿಂಗಳಿಂದ ಕೂಲಿಂಗ್ ಇಲ್ಲ. ಹಾಲು ಒಡೆಯುತ್ತದೆ, ದೋಸೆ ಹಿಟ್ಟು ಒಂದೇ ದಿನಕ್ಕೆ ಹುಳಿ ಬರುತ್ತದೆ. ಕಸ್ಟಮರ್ ಕೇರ್‌ಗೆ ಆರು ಸಲ ಫೋನ್ ಮಾಡಿದ್ದೇನೆ. ಒಬ್ಬ ಹುಡುಗ ಫೋನಿನಲ್ಲೇ ‘ಒಂದು ಕೋಡ್ ಬಂದಿರುತ್ತೆ ಹೇಳಿ ಮೇಡಂ, ನಾಳೆ ಬರ್ತೀನಿ’ ಅಂದ. ಹೇಳಿದೆ. ಐದು ನಿಮಿಷಕ್ಕೆ ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಬಂತು. ಅಂಗಡಿಯವರು ಕಂಪನಿಯನ್ನು ಕೇಳಿ ಅಂತಾರೆ. ನಾನೇನು ಮಾಡಲಿ?
— ಗೃಹಿಣಿ, ಹಾಸನ

ಆ ಕೋಡ್ ಹೇಳಿದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ನಮ್ಮ ಮನೆಯ ವಾಟರ್ ಫಿಲ್ಟರ್ ಕೆಟ್ಟಾಗ ನಾನೂ ಹೀಗೇ ಹೇಳಿದ್ದೆ, ಆಮೇಲೆ ಎರಡು ವಾರ ಕ್ಯಾನ್ ನೀರು ತರಿಸಿದೆವು. ಕೆಲಸ ಮುಗಿದು ಗ್ರಾಹಕರಿಗೆ ಸಮಾಧಾನ ಆಗಿದೆ ಅಂತ ಒಪ್ಪಿಕೊಳ್ಳುವ ಕೋಡ್ ಅದು. ಅದನ್ನು ಕೊಟ್ಟ ತಕ್ಷಣ ಕಂಪನಿಯ ಲೆಕ್ಕದಲ್ಲಿ ನಿಮ್ಮ ಫ್ರಿಡ್ಜ್ ಸರಿಯಾಯಿತು. ಇನ್ನು ಮುಂದೆ ಯಾರೇ ಕೇಳಿದರೂ ರಿಪೇರಿ ಆಗಿ, ನೀವು ಕಣ್ಣಾರೆ ನೋಡಿದ ಮೇಲೆ ಮಾತ್ರ ಕೊಡಿ.

ಈಗ ಮಾಡಬೇಕಾದ ಮೊದಲ ಕೆಲಸ, ಫೋನ್ ಮಾಡುವುದನ್ನು ನಿಲ್ಲಿಸಿ ಬರೆಯಲು ಶುರು ಮಾಡುವುದು. ಆರು ಸಲ ಫೋನ್ ಮಾಡಿದ್ದೀರಿ, ಆರು ಸಲವೂ ಬೇರೆ ಬೇರೆಯವರಿಗೆ ಮೊದಲಿನಿಂದ ಕಥೆ ಹೇಳಿದ್ದೀರಿ, ಅದರಲ್ಲಿ ಒಂದು ಮಾತೂ ನಿಮ್ಮ ಕೈಯಲ್ಲಿ ದಾಖಲೆಯಾಗಿ ಉಳಿದಿಲ್ಲ. ಬರೆದದ್ದು ಹಾಗಲ್ಲ. ಕಂಪನಿಗೆ ಒಂದು ಇಮೇಲ್ ಹಾಕಿ, ಅದರದ್ದೇ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಂಪನಿಗೂ ಅಂಗಡಿಗೂ ಕಳಿಸಿ, ಪೋಸ್ಟಿನ ರಸೀದಿ ಎತ್ತಿಡಿ. ಕನ್ನಡದಲ್ಲೇ ಬರೆಯಬಹುದು. ಯಾವ ದಿನ ಯಾವ ಅಂಗಡಿಯಲ್ಲಿ ಕೊಂಡಿರಿ, ಬಿಲ್ ನಂಬರ್ ಏನು, ಎಂದಿನಿಂದ ಕೆಟ್ಟಿದೆ, ಯಾವ್ಯಾವ ದಿನ ದೂರು ಕೊಟ್ಟಿರಿ, ಯಾರೂ ಬಂದು ನೋಡದೆ ದೂರು ಮುಚ್ಚಿದ್ದು ಯಾವತ್ತು, ಇಷ್ಟು ಸಾಕು. ಕೊನೆಗೆ ನಿಮಗೆ ಏನು ಬೇಕು ಅಂತ ಸ್ಪಷ್ಟವಾಗಿ ಕೇಳಿ: 15 ದಿನದೊಳಗೆ ರಿಪೇರಿ ಮಾಡಿ, ಆಗದಿದ್ದರೆ ಬದಲಿ ಫ್ರಿಡ್ಜ್ ಕೊಡಿ ಇಲ್ಲವೇ ಹಣ ವಾಪಸ್ ಮಾಡಿ. ಸಿಟ್ಟಿನ ಮಾತು ಒಂದೂ ಬೇಡ, ತಾರೀಕುಗಳೇ ಸಾಕಷ್ಟು ಹೇಳುತ್ತವೆ.

ಅದರ ಜೊತೆಗೇ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ತಿಂಗಳುಗಟ್ಟಲೆ ಉತ್ತರ ಕೊಡದ ಕಂಪನಿ ಈ ಹಂತದಲ್ಲಿ ಮಾತಾಡಲು ಶುರು ಮಾಡುವುದೂ ಉಂಟು. ಆದರೆ ಸಹಾಯವಾಣಿ ಕೋರ್ಟ್ ಅಲ್ಲ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಅಲ್ಲೂ ಆಗದಿದ್ದರೆ ನಿಮ್ಮ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು.

ಆಯೋಗ ಅಂದ ಕೂಡಲೇ ವಕೀಲರು, ಫೀಸು, ಬೆಂಗಳೂರಿಗೆ ಓಡಾಟ ಅಂತ ಮನಸ್ಸು ಹಿಂದೆ ಸರಿಯುತ್ತದೆ ಅಲ್ವಾ? ಆ ಹೆದರಿಕೆಯೇ ಅವರಿಗೆ ಅನುಕೂಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಹಾಸನದಲ್ಲೇ ದೂರು ಹಾಕಬಹುದು, ಕಂಪನಿಯ ಆಫೀಸು ಎಲ್ಲೇ ಇರಲಿ. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ನಿಮ್ಮ ಮಾತನ್ನು ನೀವೇ ಹೇಳಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೋ ಕಾನ್ಫರೆನ್ಸ್‌ನಲ್ಲಿ ವಿಚಾರಣೆ ಬೇಕು ಅಂತ ಅರ್ಜಿ ಕೊಡುವುದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. ದೂರಿನಲ್ಲಿ ಅಂಗಡಿ ಮತ್ತು ಕಂಪನಿ ಇಬ್ಬರನ್ನೂ ಸೇರಿಸಿ. ಆಗ ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸುವುದು ನಿಲ್ಲುತ್ತದೆ.

ಎಷ್ಟು ದಿನ ಹಿಡಿಯುತ್ತದೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ ಮೇಲೆ 3 ತಿಂಗಳು, ಸಾಮಾನನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಬೇಕಾದರೆ 5 ತಿಂಗಳು, ಇಷ್ಟರಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾನೂನು ಹೇಳುತ್ತದೆ. ಎಲ್ಲ ಕಡೆ ಹಾಗೆ ಆಗುವುದಿಲ್ಲ, ಸುಮ್ನೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. ತೊಂದರೆ ಶುರುವಾದ ದಿನದಿಂದ 2 ವರ್ಷದೊಳಗೆ ದೂರು ಹಾಕಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ಮತ್ತೆ ಇವತ್ತೇ ಆ ಬಿಲ್ಲಿನ ಫೋಟೋ ತೆಗೆದಿಡಿ, ಕೆಲವು ಅಂಗಡಿಗಳ ಬಿಲ್ ಆರು ತಿಂಗಳಿಗೆ ಅಕ್ಷರ ಅಳಿಸಿ ಬಿಳಿ ಕಾಗದ ಆಗಿಬಿಡುತ್ತದೆ.

ಬಸ್ ಸ್ಟ್ಯಾಂಡಿನಲ್ಲಿ 20 ರೂಪಾಯಿ ಎಂಆರ್‌ಪಿ ಇರುವ ನೀರಿನ ಬಾಟಲಿಗೆ 25 ಕೇಳಿದರು. ‘ಕೂಲಿಂಗ್ ಚಾರ್ಜ್’ ಅಂತೆ. ಐದು ರೂಪಾಯಿಗೆ ಜಗಳ ಯಾಕೆ ಅಂತ ನನ್ನ ಗೆಳೆಯನೇ ನನಗೆ ಬೈದ. ಕೇಳಿದ್ದು ತಪ್ಪಾ?
— ಕಾಲೇಜು ವಿದ್ಯಾರ್ಥಿ, ಶಿರಸಿ

ತಪ್ಪಲ್ಲ ತಮ್ಮ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆ. ತಣ್ಣಗೆ ಮಾಡಿದ್ದಕ್ಕೆ, ಅಂಗಡಿ ಬಾಡಿಗೆ ಜಾಸ್ತಿ ಅನ್ನುವುದಕ್ಕೆ, ಮೇಲೆ ಜಿಎಸ್‌ಟಿ ಅನ್ನುವುದಕ್ಕೆ, ಯಾವುದಕ್ಕೂ ಅಂಗಡಿಯವರು ಅದರ ಮೇಲೆ ಒಂದು ರೂಪಾಯಿ ಸೇರಿಸುವಂತಿಲ್ಲ. ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ಅಂದರೆ ತಕ್ಕಡಿ ಮತ್ತು ತೂಕದ ಬಟ್ಟು ಪರೀಕ್ಷೆ ಮಾಡಿ ಸೀಲ್ ಹಾಕುವ ಇಲಾಖೆ. ಒಂದು ವ್ಯತ್ಯಾಸ ಗೊತ್ತಿರಲಿ. ಹೋಟೆಲಿನಲ್ಲಿ ಕೂತು ಊಟದ ಜೊತೆ ತರಿಸಿದ ಬಾಟಲಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ, ಅಲ್ಲಿ ಕೊಡುವುದು ಬರೀ ಬಾಟಲಿಯನ್ನಲ್ಲ, ಜಾಗ ಮತ್ತು ಸೇವೆಯನ್ನೂ ಅನ್ನುವ ಕಾರಣಕ್ಕೆ. ನಿಂತು ಬಾಟಲಿ ಕೊಂಡು ಹೋಗುವ ಅಂಗಡಿಗೆ ಆ ಮಾತು ಅನ್ವಯಿಸುವುದಿಲ್ಲ.

ನಿಮ್ಮ ಗೆಳೆಯನಿಗೆ ಒಂದು ಲೆಕ್ಕ ಕೊಡಿ. ದಿನಕ್ಕೆ 200 ಬಾಟಲಿ ಮಾರುವ ಅಂಗಡಿಗೆ ಐದೈದು ರೂಪಾಯಿ ಅಂದರೆ ದಿನಕ್ಕೆ 1,000, ತಿಂಗಳಿಗೆ 30,000. ಬಸ್ಸು ಹೊರಡುವ ಆತುರದಲ್ಲಿ ಯಾರೂ ನಿಂತು ಕೇಳುವುದಿಲ್ಲ ಅಂತ ಗೊತ್ತಿದ್ದೇ ತೆಗೆದುಕೊಳ್ಳುವ ದುಡ್ಡು ಅದು.

ಹೋಟೆಲ್ ಬಿಲ್ಲಿನಲ್ಲಿ 10% ಸರ್ವಿಸ್ ಚಾರ್ಜ್ ಹಾಕಿದ್ದರು. ತೆಗೆಯಿರಿ ಅಂದರೆ ‘ಇದು ಗೌರ್ಮೆಂಟ್ ರೂಲ್’ ಅಂದರು. ಹೌದಾ?
— ಬ್ಯಾಂಕ್ ಉದ್ಯೋಗಿ, ಮೈಸೂರು

ಅಲ್ಲ. ಜಿಎಸ್‌ಟಿ ಸರ್ಕಾರದ್ದು, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಹೋಟೆಲಿನವರದ್ದು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲೂ ವಸೂಲಿ ಮಾಡಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಬಿಲ್ ಪಾವತಿಸುವ ಮೊದಲೇ ಮ್ಯಾನೇಜರನ್ನು ಕರೆದು ತೆಗೆಸಿ, ಸಪ್ಲೈಯರ್ ಹುಡುಗನ ಜೊತೆ ವಾದ ಬೇಡ, ಅವನ ಕೈಯಲ್ಲಿ ಏನೂ ಇರುವುದಿಲ್ಲ. ಅವನ ಕೆಲಸ ಇಷ್ಟವಾಗಿದ್ದರೆ ಆ ದುಡ್ಡನ್ನು ಅವನ ಕೈಗೇ ಕೊಡಿ.

ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಔಷಧಿ ಅಂಗಡಿ ಎಲ್ಲಿ ಹೋದರೂ ಮೊಬೈಲ್ ನಂಬರ್ ಕೊಡದೆ ಬಿಲ್ ಹಾಕುವುದಿಲ್ಲ. ಆಮೇಲೆ ದಿನಕ್ಕೆ ಹತ್ತು ಮೆಸೇಜ್.
— ನಿವೃತ್ತ ಶಿಕ್ಷಕಿ, ಶಿವಮೊಗ್ಗ

ನಂಬರ್ ಕೊಡುವುದಿಲ್ಲ ಅಂತ ಹೇಳುವ ಹಕ್ಕು ನಿಮಗಿದೆ. ನಂಬರಿಗಾಗಿ ಒತ್ತಾಯ ಮಾಡಬೇಡಿ ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲೇ ಅಂಗಡಿಗಳಿಗೆ ಹೇಳಿದೆ. ಬಿಲ್ ಕೊಡದಿರುವುದನ್ನು ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ ಅಂತ ಕರೆಯುತ್ತದೆ. ‘ನಂಬರ್ ಬೇಡಮ್ಮ, ಬಿಲ್ ಹಾಕಿ’ ಅಂತ ಸಮಾಧಾನವಾಗಿ ಹೇಳಿ ನಿಂತುಬಿಡಿ, ಸಾಮಾನ್ಯವಾಗಿ ಹಾಕುತ್ತಾರೆ. ಈಗ ಬರುತ್ತಿರುವ ಕಾಟಕ್ಕೆ 1909ಕ್ಕೆ ಫೋನ್ ಮಾಡಿ ಅಥವಾ ಟ್ರಾಯ್‌ನ (ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಕೇಂದ್ರದ ಪ್ರಾಧಿಕಾರ) ಡಿಎನ್‌ಡಿ ಆ್ಯಪ್‌ನಲ್ಲಿ, ಅಂದರೆ ‘ತೊಂದರೆ ಕೊಡಬೇಡಿ’ ಆ್ಯಪ್‌ನಲ್ಲಿ, ದೂರು ಕೊಡಿ.

ಅಂದ ಹಾಗೆ ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’ ಅನ್ನುವ ಬೋರ್ಡ್ ಬಗ್ಗೆಯೂ ನೀವು ಕೇಳಿದ್ದೀರಿ. ಬಣ್ಣ ಇಷ್ಟವಾಗಲಿಲ್ಲ ಅನ್ನುವುದಕ್ಕೆ ವಾಪಸ್ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ. ಆದರೆ ಮಾಲಿನಲ್ಲೇ ದೋಷ ಇದ್ದರೆ ಆ ಬೋರ್ಡಿಗೆ ಬೆಲೆ ಇಲ್ಲ. ಬಿಲ್ಲಿನಲ್ಲಿ ವಾಪಸಿನ ಅವಧಿ ಬರೆದಿರದಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು.

ಒಂದು ಆ್ಯಪ್‌ನಲ್ಲಿ ‘1 ರೂಪಾಯಿಗೆ ಟ್ರಯಲ್’ ಅಂತ ಒತ್ತಿದೆ. ಈಗ ತಿಂಗಳಿಗೆ 299 ಕಟ್ ಆಗುತ್ತಿದೆ. ಕ್ಯಾನ್ಸಲ್ ಬಟನ್ ಎಲ್ಲಿದೆ ಅಂತ ಒಂದು ಭಾನುವಾರ ಇಡೀ ಹುಡುಕಿದೆ. ಓದಿದವಳಾಗಿ ನಾನೇ ಹೀಗೆ ಸಿಕ್ಕಿಬಿದ್ದೆ ಅಂತ ನಾಚಿಕೆ.
— ಐಟಿ ಉದ್ಯೋಗಿ, ಬೆಂಗಳೂರು

ನಾಚಿಕೆಪಡಬೇಕಾದವರು ನೀವಲ್ಲ, ಆ ಬಟನ್ ಬಚ್ಚಿಟ್ಟವರು. ಸೇರಲು ಒಂದು ಒತ್ತು, ಬಿಡಲು ಹದಿನೈದು ಒತ್ತು, ಅದನ್ನು ಬೇಕು ಅಂತಲೇ ಹಾಗೆ ಕಟ್ಟಿರುತ್ತಾರೆ. ಇಂಥವಕ್ಕೆ ‘ಡಾರ್ಕ್ ಪ್ಯಾಟರ್ನ್’ ಅನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ 13 ಬಗೆಯವನ್ನು ಹೆಸರಿಸಿ ನಿಷೇಧ ಮಾಡಿದೆ. ನಿಮಗಾದದ್ದು ‘ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್’. ನಾವು ಕೇಳದೆಯೇ ಬುಟ್ಟಿಗೆ ಇನ್ಶೂರೆನ್ಸೋ ದೇಣಿಗೆಯೋ ಸೇರಿಸುವುದು, ಮೊದಲು ಕಡಿಮೆ ಬೆಲೆ ತೋರಿಸಿ ದುಡ್ಡು ಕಟ್ಟುವ ಹೊತ್ತಿಗೆ ಒಂದೊಂದೇ ಚಾರ್ಜ್ ಏರಿಸುವುದು, ‘ಇನ್ನು ಎರಡೇ ಉಳಿದಿವೆ’ ಅಂತ ಸುಳ್ಳು ಹೆದರಿಸುವುದು, ಇವೂ ಆ ಪಟ್ಟಿಯಲ್ಲಿವೆ.

ಆ್ಯಪ್ ಒಳಗೆ ಹುಡುಕುವುದು ಬಿಡಿ. ನಿಮ್ಮ ಯುಪಿಐ ಆ್ಯಪ್ ತೆರೆದು ‘ಆಟೋಪೇ’ ಅನ್ನುವಲ್ಲಿ ಹೋಗಿ ಅಲ್ಲಿಂದಲೇ ರದ್ದು ಮಾಡಿ, ಕಾರ್ಡ್ ಆದರೆ ಬ್ಯಾಂಕಿನ ಮೂಲಕ ರದ್ದು ಮಾಡಿಸಿ. ದುಡ್ಡು ಕಟ್ ಆಗುವ 24 ಗಂಟೆ ಮೊದಲು ನಿಮಗೆ ತಿಳಿಸಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ, ಆ ಮೆಸೇಜ್ ಬಂದಿತ್ತಾ ನೋಡಿಕೊಳ್ಳಿ. ಆಮೇಲೆ ಮೇಲೆ ಹೇಳಿದ ಗ್ರಾಹಕ ಸಹಾಯವಾಣಿಗೆ (1915) ಸ್ಕ್ರೀನ್‌ಶಾಟ್ ಸಮೇತ ದೂರು ಕೊಡಿ. ಆನ್‌ಲೈನ್‌ನಲ್ಲಿ ಮಾರುವ ಪ್ರತಿಯೊಂದು ಕಂಪನಿಯೂ ದೂರು ಕೇಳುವ ಅಧಿಕಾರಿಯ ಹೆಸರು, ವಿಳಾಸ ಹಾಕಬೇಕು, ದೂರು ಬಂತು ಅಂತ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ವೆಬ್‌ಸೈಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಆ ಹೆಸರು ಇರುತ್ತದೆ, ಅಲ್ಲಿಗೇ ಬರೆಯಿರಿ.

ದಿನಸಿ ಅಂಗಡಿಗೆ ಯುಪಿಐನಲ್ಲಿ 640 ರೂಪಾಯಿ ಕಳಿಸಿದೆ. ನನ್ನ ಖಾತೆಯಿಂದ ಹೋಯಿತು, ಅವರಿಗೆ ಬರಲಿಲ್ಲ. ಎಲ್ಲರ ಎದುರು ಎರಡನೇ ಸಲ ಕೊಡಬೇಕಾಯಿತು.
— ಲಾರಿ ಚಾಲಕ, ಬಳ್ಳಾರಿ

ಅಂಗಡಿಯಲ್ಲಿ ಹಾಗೆ ನಿಲ್ಲುವುದು ಎಂಥ ಕಷ್ಟ ಅಂತ ಗೊತ್ತು. ಅಂಗಡಿಗೆ ಕಳಿಸಿದ ದುಡ್ಡು ಸೇರದಿದ್ದರೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ಇನ್ನೊಬ್ಬರ ಖಾತೆಗೆ ಕಳಿಸಿದ್ದಾದರೆ ಮಾರನೇ ದಿನದೊಳಗೆ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕ್ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಮಾಡಿದ ನಿಯಮ. ಬ್ಯಾಂಕಿಗೆ ಬರೆದು ಕೊಟ್ಟು 30 ದಿನ ಆದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿಗೆ, ದೂರು ಕೊಡಿ, ಮಾಹಿತಿಗೆ 14448. ಯಾರಾದರೂ ಮೋಸ ಮಾಡಿ ದುಡ್ಡು ಹೊಡೆದಿದ್ದರೆ ಅದು ಬೇರೆ ವಿಷಯ, ಆಗ ಒಂದು ನಿಮಿಷವೂ ಕಾಯದೆ 1930ಕ್ಕೆ ಫೋನ್ ಮಾಡಿ.

ಬಿಸ್ಕತ್ ಪ್ಯಾಕೆಟ್ ಬೆಲೆ ಅಷ್ಟೇ ಇದೆ, ಒಳಗಿನ ಬಿಸ್ಕತ್ ಕಡಿಮೆಯಾಗಿದೆ. ಮೊಮ್ಮಗ ಎಣಿಸಿ ತೋರಿಸಿದ.
— ಅಜ್ಜಿ, ದಾವಣಗೆರೆ

ಮೊಮ್ಮಗ ಜಾಣ. ತೂಕವನ್ನು ಪ್ಯಾಕೆಟ್ ಮೇಲೆ ಸರಿಯಾಗಿ ಅಚ್ಚು ಹಾಕಿದ್ದರೆ ಕಂಪನಿ ಮಾಡಿದ್ದು ಕಾನೂನಿಗೆ ವಿರುದ್ಧವಲ್ಲ, ನನಗೆ ಅದು ಸರಿ ಅನ್ನಿಸುವುದಿಲ್ಲ ಅಷ್ಟೇ. ಎಂಆರ್‌ಪಿ ಪಕ್ಕದಲ್ಲಿ ಒಂದು ಗ್ರಾಂಗೆ ಇಷ್ಟು ಅಂತ ಇನ್ನೊಂದು ಬೆಲೆ ಬರೆದಿರುತ್ತಾರೆ. ಅದನ್ನು ಓದುವುದನ್ನು ಮೊಮ್ಮಗನಿಗೆ ಹೇಳಿಕೊಡಿ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದು ಸುಳ್ಳು ಅಂತ ಅವನಿಗೇ ಗೊತ್ತಾಗುತ್ತದೆ.

ಗ್ಯಾಸ್ ಸಿಲಿಂಡರ್ ತಂದವರು ಬಿಲ್ಲಿಗಿಂತ 50 ರೂಪಾಯಿ ಜಾಸ್ತಿ ಕೇಳುತ್ತಾರೆ. ಕೊಡದಿದ್ದರೆ ಮುಂದಿನ ಸಲ ತಡ ಮಾಡುತ್ತಾರೆ ಅಂತ ಭಯ.
— ಅಂಗನವಾಡಿ ಕಾರ್ಯಕರ್ತೆ, ಗದಗ

ಬಿಲ್ಲಿನ ಬೆಲೆಯಲ್ಲೇ ಮನೆಗೆ ತಲುಪಿಸುವ ಖರ್ಚೂ ಸೇರಿದೆ. ಅದಕ್ಕಿಂತ ಜಾಸ್ತಿ ಕೊಡಬೇಕಾಗಿಲ್ಲ. ಮೊದಲು ಏಜೆನ್ಸಿಗೆ ಬರೆದು ಕೊಡಿ, ಆಗದಿದ್ದರೆ 1800-2333-555ಕ್ಕೆ ದೂರು ಹೇಳಿ. ಸಿಲಿಂಡರ್ ತೂಕ ಮಾಡಿಸಿಕೊಳ್ಳುವುದೂ ನಿಮ್ಮ ಹಕ್ಕು: ಮೇಲೆ ಬರೆದಿರುವ ಖಾಲಿ ಸಿಲಿಂಡರ್ ತೂಕಕ್ಕೆ 14.2 ಕಿಲೋ ಸೇರಿಸಿದರೆ ಸರಿಹೋಗಬೇಕು. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ತಂದವರಿಗೆ ನೀವಾಗಿ ಹತ್ತಿಪ್ಪತ್ತು ಕೊಟ್ಟರೆ ಅದು ನಿಮ್ಮ ಖುಷಿ, ನಾನೂ ಕೊಡುತ್ತೇನೆ. ಆದರೆ ಅವರ ಸಂಬಳ ಸಾಲುತ್ತಿಲ್ಲ ಅಂದರೆ ಅದನ್ನು ಸರಿ ಮಾಡಬೇಕಾದದ್ದು ಏಜೆನ್ಸಿ, ದೂರಿನಲ್ಲಿ ಅದನ್ನೂ ಒಂದು ಸಾಲು ಬರೆಯಿರಿ.