ಅಗಲಿದ ಕ್ಯಾಚರ್‌ನ ಸ್ಮರಣೆಗೆ ತಂಡ ಏನೇನು ಮಾಡಬಹುದು

ಮಾನ್ಯರೇ, ನಿಮ್ಮ ಬೇಸ್‌ಬಾಲ್ ತಂಡದ ಕ್ಯಾಚರ್ (ಬ್ಯಾಟರ್‌ನ ಹಿಂದೆ ಕೂತು ಚೆಂಡು ಹಿಡಿಯುವವರು) ಈ ಚಳಿಗಾಲದಲ್ಲಿ ಹೃದಯಸ್ತಂಭನದಿಂದ ತೀರಿಕೊಂಡರೆಂದು ಓದಿ ಬಹಳ ನೋವಾಯಿತು. ಏಪ್ರಿಲ್‌ನ ಮೊದಲ ಪಂದ್ಯದಲ್ಲಿ ಅವರನ್ನು ಹೇಗೆ ಸ್ಮರಿಸಬೇಕು, ಅವರ ಜೆರ್ಸಿ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದೆ ಉಳಿಸಬೇಕೇ, ಆಟಗಾರರು ಕೂಡಿಸಿದ ಹಣವನ್ನು ಯಾವುದಕ್ಕೆ ಬಳಸಬೇಕು ಎಂದು ಕೇಳಿದ್ದೀರಿ. ನಾನು ನ್ಯೂಜೆರ್ಸಿಯಲ್ಲಿ ವಯಸ್ಕರ ಹವ್ಯಾಸಿ ಲೀಗ್ ಒಂದರಲ್ಲಿ ಆಡುತ್ತೇನೆ. ನಮ್ಮ ತಂಡವೂ ಎಲ್ಲರಿಗೂ ಅಚ್ಚುಮೆಚ್ಚಾಗಿದ್ದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ) ಆಟಗಾರರೊಬ್ಬರನ್ನು ಕಳೆದುಕೊಂಡಿದೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೈದಾನದ ಕಾರ್ಯಕ್ರಮಕ್ಕೆ ನನ್ನ ಸಲಹೆ, ಭಾಷಣಗಳನ್ನು ಬಿಟ್ಟು ಅವರು ನಿಲ್ಲುತ್ತಿದ್ದ ಜಾಗವನ್ನೇ ಖಾಲಿ ಬಿಡಿ ಎಂಬುದು. ನ್ಯೂಯಾರ್ಕ್ ಯಾಂಕೀಸ್ ತಂಡದ ನಾಯಕರೂ ಕ್ಯಾಚರ್ ಆಗಿಯೂ ಇದ್ದ ಥರ್ಮನ್ ಮನ್ಸನ್ 1979ರ ಆಗಸ್ಟ್ 2ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ, ಮರುದಿನ ಯಾಂಕೀ ಕ್ರೀಡಾಂಗಣದಲ್ಲಿ ಎಂಟು ಆಟಗಾರರು ಮಾತ್ರ ತಮ್ಮ ತಮ್ಮ ಸ್ಥಾನಗಳಲ್ಲಿ ಹೋಗಿ ನಿಂತರು. ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್‌ನ ಹಿಂದೆ, ಕ್ಯಾಚರ್‌ನ ಜಾಗದಲ್ಲಿ, ಯಾರೂ ಇರಲಿಲ್ಲ. ಅಂದು ಆಡಬೇಕಿದ್ದ ಕ್ಯಾಚರ್ ಸ್ಮರಣೆ ಮುಗಿಯುವವರೆಗೂ ಆಟಗಾರರು ಕೂರುವ ಡಗ್‌ಔಟ್‌ನಲ್ಲೇ ಉಳಿದಿದ್ದರು. ಕಾಸು ಖರ್ಚಿಲ್ಲದ ಈ ಕ್ರಮವನ್ನು ನಗರಸಭೆಯ ಉದ್ಯಾನದಲ್ಲಿ ಆಡುವ ತಂಡವೂ ಅಷ್ಟೇ ಘನತೆಯಿಂದ ಪಾಲಿಸಬಹುದು. ಅಂಪೈರ್‌ಗೂ ಎದುರಾಳಿ ತಂಡದ ನಾಯಕರಿಗೂ ಒಂದು ವಾರ ಮೊದಲೇ ತಿಳಿಸಿಡಿ, ಏಕೆಂದರೆ ನಮ್ಮಂಥ ಲೀಗ್‌ಗಳಲ್ಲಿ ಮೈದಾನ ಸಿಗುವುದು ನಿಗದಿತ ಹೊತ್ತಿಗೆ ಮಾತ್ರ, ಮುಂದಿನ ಪಂದ್ಯದವರು ಬೇಲಿಯ ಆಚೆ ಕಾಯುತ್ತಿರುತ್ತಾರೆ. ಮೌನಾಚರಣೆ ಭಾರವೆನಿಸುವುದಾದರೆ ಚಪ್ಪಾಳೆಯೂ ಆಗಬಹುದು. 2014ರ ಡಿಸೆಂಬರ್‌ನಲ್ಲಿ ಭಾರತದ ವಿರುದ್ಧ ನಡೆದ ಅಡಿಲೇಡ್ ಕ್ರಿಕೆಟ್ ಟೆಸ್ಟ್‌ನಲ್ಲಿ, ಹಿಂದಿನ ತಿಂಗಳು ಬೇರೊಂದು ಪಂದ್ಯದಲ್ಲಿ 63 ರನ್ ಗಳಿಸಿ ಆಡುತ್ತಿದ್ದಾಗ ಚೆಂಡು ತಗುಲಿ ಅಗಲಿದ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಅವರಿಗಾಗಿ ಪ್ರೇಕ್ಷಕರೆಲ್ಲ 63 ಸೆಕೆಂಡುಗಳ ಕಾಲ ಚಪ್ಪಾಳೆ ತಟ್ಟಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಜೆರ್ಸಿ ಸಂಖ್ಯೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಾರದು. ಯಾಂಕೀಸ್ ತಂಡ 1939ರಲ್ಲಿ ತನ್ನ ಆಟಗಾರ ಲೂ ಗೆರಿಗ್ ಅವರ 4ನೇ ಸಂಖ್ಯೆಯನ್ನು ನಿವೃತ್ತಿಗೊಳಿಸಿದ ದಿನದಿಂದ ದೊಡ್ಡ ತಂಡಗಳಲ್ಲಿ ಈ ಪದ್ಧತಿ ಬೇರೂರಿದೆ, ಸರಿ. ಆದರೆ ಹವ್ಯಾಸಿ ತಂಡದಲ್ಲಿ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಐದಾರು ವರ್ಷ ಕಳೆದ ಮೇಲೆ ಆ ಸಂಖ್ಯೆ ಏಕೆ ಯಾರ ಬೆನ್ನಿನ ಮೇಲೂ ಇಲ್ಲವೆಂದು ಹೇಳುವವರೇ ಉಳಿದಿರುವುದಿಲ್ಲ. ಈ ಒಂದು ಋತು ಅದನ್ನು ಯಾರಿಗೂ ಕೊಡಬೇಡಿ. ಆಮೇಲೆ ಮನೆಯವರ ಒಪ್ಪಿಗೆ ಪಡೆದು, ಹೊಸದಾಗಿ ಕ್ಯಾಚರ್ ಆಗಿ ಬರುವವರಿಗೆ ಆ ಸಂಖ್ಯೆ ಯಾರದಾಗಿತ್ತೆಂದು ತಿಳಿಸಿ ಕೊಡುವುದು ಮೇಲು. ತೋಳಿನ ಮೇಲೆ ಸಂಖ್ಯೆಯ ಪಟ್ಟಿ ಹಾಕಿಸುವುದಾದರೆ ಹೊಲಿಸಿಯೇ ಹಾಕಿಸಿ. ಪಾಲಿಯೆಸ್ಟರ್ ಜೆರ್ಸಿಗೆ ಬಿಸಿ ಒತ್ತಿ ಅಂಟಿಸಿದರೆ ಬಟ್ಟೆಯ ಬಣ್ಣ ಪಟ್ಟಿಗೆ ಇಳಿದು, ಬಿಳಿ ಅಂಕಿ ಗುಲಾಬಿಯಾಗಿಬಿಡುವುದುಂಟು.

ಇಷ್ಟೆಲ್ಲದಕ್ಕಿಂತ ಹೆಚ್ಚಾಗಿ ನಾನು ಒತ್ತಿ ಹೇಳಬೇಕೆಂದಿರುವುದು ನಿಮ್ಮ ಹಳೆಯ ಸ್ಕೋರ್‌ಬುಕ್‌ಗಳ ಬಗ್ಗೆ. ನಮ್ಮಂಥವರ ಆಟವನ್ನು ಯಾವ ಪತ್ರಿಕೆಯೂ ಬರೆಯುವುದಿಲ್ಲ, ಯಾವ ಟಿವಿಯೂ ತೋರಿಸುವುದಿಲ್ಲ. ನಿಮ್ಮ ಗೆಳೆಯರು ಆಡಿದ್ದಕ್ಕೆ ಉಳಿದಿರುವ ಸಾಕ್ಷಿಯೆಂದರೆ ಯಾರದೋ ಕಾರಿನ ಡಿಕ್ಕಿಯಲ್ಲಿ ಬಿದ್ದಿರುವ, ಪೆನ್ಸಿಲ್ ಗುರುತು ಮಾಸುತ್ತಿರುವ ಆ ಪುಸ್ತಕಗಳು ಮಾತ್ರ. ಸ್ಕೋರ್‌ಬುಕ್‌ನಲ್ಲಿ ಚೆಂಡೆಸೆಯುವ ಪಿಚರ್ 1, ಕ್ಯಾಚರ್ 2, ಮೊದಲನೇ ಬೇಸ್ ಕಾಯುವವರು 3, ಎರಡನೇ ಬೇಸ್ ಕಾಯುವವರು 4, ಶಾರ್ಟ್‌ಸ್ಟಾಪ್ 6 ಎಂದು ಪ್ರತಿ ಸ್ಥಾನಕ್ಕೂ ಒಂದು ಅಂಕಿ ಇರುವುದು ನಿಮಗೆ ಗೊತ್ತೇ ಇದೆ, ಆದರೆ ಮನೆಯವರಿಗೆ ಗೊತ್ತಿರುವುದಿಲ್ಲ. ನಾವು ನಮ್ಮ ಶಾರ್ಟ್‌ಸ್ಟಾಪ್ ಅವರ ಮಗಳಿಗೆ ಪುಟಗಳ ಪ್ರತಿ ಮಾಡಿಸಿ ಕೊಟ್ಟಾಗ, ಆಕೆ 6-4-3 ಎಂದರೇನೆಂದು ಕೇಳಿದರು. ನೆಲದ ಮೇಲೆ ಬಂದ ಚೆಂಡನ್ನು ನಿಮ್ಮ ತಂದೆ ಹಿಡಿದು ಎರಡನೇ ಬೇಸ್‌ಗೆ ಎಸೆದರು, ಅಲ್ಲಿಂದ ಅದು ಮೊದಲನೇ ಬೇಸ್‌ಗೆ ಹೋಗಿ ಒಂದೇ ಏಟಿಗೆ ಇಬ್ಬರು ಔಟಾದರು ಎಂದು ವಿವರಿಸಿದ ಮೇಲೆ, ಆಕೆ ಪೆನ್ನು ತೆಗೆದುಕೊಂಡು ಪುಟದಿಂದ ಪುಟಕ್ಕೆ ಕಾಣಿಸಿದ ಪ್ರತಿಯೊಂದು 6ಕ್ಕೂ ಸುತ್ತು ಹಾಕುತ್ತಾ ಕುಳಿತುಬಿಟ್ಟರು. ನಿಮ್ಮ ಗೆಳೆಯರ ವಿಷಯದಲ್ಲಿ 2-6, 2-4 ಎಂಬ ಗುರುತುಗಳನ್ನು ಹುಡುಕಿ. ಎರಡನೇ ಬೇಸ್ ಸ್ಟೀಲ್ ಮಾಡಲು, ಅಂದರೆ ಹೊಡೆತಕ್ಕೆ ಕಾಯದೆ ಕದ್ದು ಮುಟ್ಟಲು, ಓಡಿದವರನ್ನು ಅವರು ಹೋಮ್ ಪ್ಲೇಟ್‌ನಿಂದಲೇ ಎಸೆದು ಔಟ್ ಮಾಡಿಸಿದ್ದೆಲ್ಲ ಅಲ್ಲಿರುತ್ತದೆ. ಪುಟಗಳನ್ನು ಸ್ಕ್ಯಾನ್ ಮಾಡಿ, ಅಂಕಿಗಳ ಅರ್ಥವನ್ನು ಒಂದು ಹಾಳೆಯಲ್ಲಿ ಬರೆದು, ಆ ದಿನಗಳಲ್ಲಿ ಜೊತೆಗೆ ಆಡಿದವರಿಂದ ನಾಲ್ಕೈದು ಸಾಲುಗಳನ್ನು ಬರೆಸಿ ಸೇರಿಸಿ. ಅಂಕಿಅಂಶ ಮೊಬೈಲ್ ಆ್ಯಪ್‌ನಲ್ಲಿದ್ದರೆ ತಂಡದ ಖಾತೆ ಮುಚ್ಚುವ ಮುನ್ನವೇ ಇಳಿಸಿಟ್ಟುಕೊಳ್ಳಿ.

ಅವರ ಮಿಟ್ (ಚೆಂಡು ಹಿಡಿಯುವ ಕೈಗವಸು) ಅನ್ನು ಡಗ್‌ಔಟ್‌ನಲ್ಲಿ ಇಡುತ್ತೇವೆಂದು ಮನೆಯವರನ್ನು ಕೇಳಬೇಡಿ. ಅವರಾಗಿಯೇ ಕೊಟ್ಟರೆ ಮಾತ್ರ ತೆಗೆದುಕೊಳ್ಳಿ.

ಇನ್ನು ಹಣದ ವಿಷಯ. ಉದ್ಯಾನದಲ್ಲಿ ಬೆಂಚು ಹಾಕಿಸಬೇಕೆಂದು ಕೆಲವರು ಹೇಳಿದ್ದಾರೆಂದು ಬರೆದಿದ್ದೀರಿ. ಅದಕ್ಕೆ ಉದ್ಯಾನ ಇಲಾಖೆಯ ಅನುಮತಿ ಬೇಕು. ಹೃದಯಸ್ತಂಭನದಿಂದ ಒಬ್ಬರನ್ನು ಕಳೆದುಕೊಂಡ, ನಲವತ್ತು ದಾಟಿದವರೇ ಹೆಚ್ಚಾಗಿರುವ ತಂಡಕ್ಕೆ ಬೆಂಚಿಗಿಂತ ಎಇಡಿ ಯಂತ್ರ (ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಲಯಕ್ಕೆ ತರುವ ಸಾಧನ) ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ. ಹೃದಯ ಲಯ ತಪ್ಪಿ ಕುಸಿದವರಿಗೆ ಎದೆಯೊತ್ತುವ ಪ್ರಥಮ ಚಿಕಿತ್ಸೆಯೂ ಇಲ್ಲದೆ, ವಿದ್ಯುತ್ ಆಘಾತ ನೀಡುವುದು ತಡವಾದರೆ, ಕಳೆದುಹೋಗುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಸುಮಾರು 7ರಿಂದ 10 ಪ್ರತಿಶತದಷ್ಟು ಕುಸಿಯುತ್ತದೆ. ಎದೆಗೆ ಬಡಿದ ಚೆಂಡಿನಿಂದಲೂ ಹೃದಯ ನಿಲ್ಲಬಹುದಾದ್ದರಿಂದ ನಮ್ಮ ಆಟದಲ್ಲಿ ಕಿರಿಯರಿಗೂ ಈ ಯಂತ್ರದ ಅಗತ್ಯವಿದೆ. ಹಣವನ್ನು ಒಬ್ಬರ ಖಾಸಗಿ ಖಾತೆಯಲ್ಲಿ ಇಡದೆ ಲೀಗ್‌ನ ಖಾತೆಯ ಮೂಲಕ ಖರೀದಿಸಿ, ಪೆಟ್ಟಿಗೆಯ ಮೇಲೆ ಅವರ ಹೆಸರು ಬರೆಸಿ, ಮೊದಲ ಪಂದ್ಯಕ್ಕೂ ಮುನ್ನ ತಂಡದವರೆಲ್ಲರಿಗೂ ಒಂದು ತರಬೇತಿ ಕೊಡಿಸಿ.

ಯಂತ್ರವನ್ನು ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬಾರದು. ಹೆಚ್ಚಿನ ಮಾದರಿಗಳು 50 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಗೆ ಮಾತ್ರ ತಯಾರಾದಂಥವು. ಎದೆಗೆ ಅಂಟಿಸುವ ಪ್ಯಾಡ್‌ಗಳಿಗೂ ಬ್ಯಾಟರಿಗೂ ಅವಧಿ ಮುಗಿಯುವ ದಿನಾಂಕ ಇರುತ್ತದೆ, ಪ್ಯಾಡ್‌ಗಳನ್ನು ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಆದ್ದರಿಂದ ಪ್ರತಿ ಪಂದ್ಯಕ್ಕೂ ಅದನ್ನು ತಂದು, ತಿಂಗಳಿಗೊಮ್ಮೆ ಯಂತ್ರ ಸಿದ್ಧವಿದೆಯೆಂದು ತೋರಿಸುವ ಹಸಿರು ದೀಪ ನೋಡುವ ಹೊಣೆ ಯಾರದೆಂದು ಖರೀದಿಸುವ ಮುನ್ನವೇ ತಂಡದ ಸಭೆಯಲ್ಲಿ ತೀರ್ಮಾನಿಸಿ, ಅವರಿಲ್ಲದ ದಿನಕ್ಕೆ ಇನ್ನೊಬ್ಬರನ್ನೂ ಗೊತ್ತುಮಾಡಿಕೊಳ್ಳಿ.