ರೋಬೋ ಬಂದು ಕಾಫಿ ಕೊಯ್ಯುತ್ತದೆಯೇ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮ್ಮದು ಹನ್ನೆರಡು ಎಕರೆ ಅರೇಬಿಕಾ ತೋಟ. ಈಚೆಗೆ ಒಂದು ಕಂಪನಿಯವರು ಬಂದು, ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆಯಿಂದ ರೋಗ, ಕೀಟ, ಮಳೆ ಎಲ್ಲವನ್ನೂ ಮೊದಲೇ ತಿಳಿಸುವ ವ್ಯವಸ್ಥೆ ಇದೆ, ಮೂರು ವರ್ಷದ ಕರಾರು ಮಾಡಿಕೊಳ್ಳಿ ಎನ್ನುತ್ತಿದ್ದಾರೆ. ಐದು ವರ್ಷದಲ್ಲಿ ಕೊಯ್ಲನ್ನೂ ರೋಬೋಗಳೇ ಮಾಡುತ್ತವಂತೆ. ಅಣ್ಣ ಮಾತ್ರ, ನಮ್ಮ ಗುಡ್ಡದಲ್ಲಿ ಇದೆಲ್ಲ ಎಂದಿಗೂ ನಡೆಯದು ಎನ್ನುತ್ತಾರೆ. ವಿಮಾನ ಹಾರುವುದಿಲ್ಲ ಎಂದು ದೊಡ್ಡ ವಿಜ್ಞಾನಿಗಳೇ ಹೇಳಿದ್ದರೆಂದು ಓದಿದ್ದೇನೆ. ಯಾರ ಮಾತು ನಂಬಲಿ?

ಉತ್ತರ: ಕರಾರಿಗೆ ಈಗಲೇ ಸಹಿ ಹಾಕಬೇಡಿ. ಹಾಗೆಯೇ ಅಣ್ಣನವರ ‘ಎಂದಿಗೂ’ ಎಂಬ ಮಾತಿಗೂ ಕಟ್ಟುಬೀಳಬೇಡಿ.

ನೀವು ಓದಿದ್ದು ನಿಜ. ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1896ರಲ್ಲಿ ಬರೆದ ಪತ್ರದಲ್ಲಿ, ಬಲೂನಿನ ಹೊರತು ಬೇರೆ ಬಗೆಯ ಹಾರಾಟದಲ್ಲಿ ತಮಗೆ ಎಳ್ಳಷ್ಟೂ ನಂಬಿಕೆಯಿಲ್ಲ ಎಂದಿದ್ದರು. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು, ಹಾರುವ ಯಂತ್ರ ತಯಾರಾಗಲು ಹತ್ತು ಲಕ್ಷದಿಂದ ಒಂದು ಕೋಟಿ ವರ್ಷ ಬೇಕಾದೀತು ಎಂದು ಬರೆಯಿತು. ಅದೇ ಡಿಸೆಂಬರ್ 17ರಂದು ರೈಟ್ ಸಹೋದರರು ಹಾರಿದರು. ಕೆಲ್ವಿನ್ ಅವರನ್ನು ತಿಳಿಗೇಡಿ ಎನ್ನಲು ನನಗೆ ಮನಸ್ಸಿಲ್ಲ. ಆ ಕಾಲದ ಉಗಿ ಎಂಜಿನ್‌ಗಳು ಕೊಡುತ್ತಿದ್ದ ಶಕ್ತಿಗೆ ಹೋಲಿಸಿದರೆ ವಿಪರೀತ ಭಾರವಾಗಿದ್ದವು. ರೈಟ್ ಸಹೋದರರ ಕೈಯಲ್ಲಿದ್ದದ್ದು ಹಗುರವಾದ, ಸುಮಾರು 12 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಮೊದಲ ಹಾರಾಟ 12 ಸೆಕೆಂಡಿನಲ್ಲೇ ಮುಗಿಯಿತು, ದೂರ 120 ಅಡಿ. ಹಾರಾಟಕ್ಕಿದ್ದ ದೊಡ್ಡ ಅಡ್ಡಿಗಳಲ್ಲಿ ಎಂಜಿನ್ ಒಂದು. ಅದು ಬದಲಾಗುತ್ತಲೇ ‘ಆಗದು’ ಎಂಬ ಲೆಕ್ಕವೂ ಬಿದ್ದುಹೋಯಿತು.

ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್ ಅವರ ತಪ್ಪು ಬೇರೆ ಬಗೆಯದು. ಟೆಲಿಫೋನ್ ಅಮೆರಿಕಕ್ಕೆ ಬೇಕಾದೀತು, ನಮ್ಮಲ್ಲಿ ಸುದ್ದಿ ಒಯ್ಯಲು ಹುಡುಗರಿಗೇನೂ ಕೊರತೆಯಿಲ್ಲ ಎಂಬುದು ಅವರ ವಾದವಾಗಿತ್ತು. ಯಂತ್ರ ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅದು ಕೈಗೆ ಸಿಕ್ಕ ಮೇಲೆ ಜನ ಹೊಸ ಕೆಲಸಗಳನ್ನು ಕಂಡುಕೊಳ್ಳುತ್ತಾರೆ ಎಂಬುದು ಹೊಳೆಯಲಿಲ್ಲ. 1980ರ ದಶಕದಲ್ಲಿ ಒಂದು ದೊಡ್ಡ ಸಲಹಾ ಸಂಸ್ಥೆಯೂ ಹೀಗೆಯೇ ಎಡವಿತು. 2000ದ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 9 ಲಕ್ಷ ಮೊಬೈಲ್ ಚಂದಾದಾರರು ಇರಬಹುದೆಂದು ಅದು ಅಂದಾಜಿಸಿತ್ತು. ಆದದ್ದು ಹತ್ತು ಕೋಟಿಗೂ ಹೆಚ್ಚು. ಕಣ್ಣ ಮುಂದಿದ್ದ ಫೋನಿಗೆ ಸುಮಾರು 4,000 ಡಾಲರ್ ಬೆಲೆ, ಅರ್ಧ ಗಂಟೆ ಮಾತಾಡಿದರೆ ಬ್ಯಾಟರಿ ಖಾಲಿ. ಇವತ್ತು ಆನೆ ಯಾರ ತೋಟದಲ್ಲಿದೆ ಎಂಬ ಸುದ್ದಿ ಕೊಡಗಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಗಾಗುವ ಮೊದಲೇ ಹರಿದಾಡುತ್ತದೆ. ಮೊಬೈಲ್ ಮಾರಲು ಬಂದ ಯಾವ ಕಂಪನಿಯೂ ಇದನ್ನು ಮುಂದಾಗಿ ಹೇಳಿರಲಿಲ್ಲ.

ಇನ್ನು ‘ಐದು ವರ್ಷದಲ್ಲಿ’ ಎನ್ನುವವರ ಕಡೆ. ಅವರ ಚರಿತ್ರೆಯೂ ಅಷ್ಟೇ ಸೋತ ಚರಿತ್ರೆ. ಅಮೆರಿಕದ ಅಣುಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್ 1954ರಲ್ಲಿ, ಮುಂದಿನ ತಲೆಮಾರಿಗೆ ವಿದ್ಯುತ್ತು ಮೀಟರ್ ಹಾಕಿ ಅಳೆಯಬೇಕಿಲ್ಲದಷ್ಟು ಅಗ್ಗವಾಗುತ್ತದೆ ಎಂದರು. ಕಂಪ್ಯೂಟರ್ ಹತ್ತು ವರ್ಷದೊಳಗೆ ಚೆಸ್ ವಿಶ್ವ ಚಾಂಪಿಯನ್ ಆಗುತ್ತದೆ ಎಂದು ಕೃತಕ ಬುದ್ಧಿಮತ್ತೆಯ ಸಂಶೋಧಕ ಹರ್ಬರ್ಟ್ ಸೈಮನ್ 1957ರಲ್ಲಿ ನುಡಿದರು. ಡೀಪ್ ಬ್ಲೂ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಅವರನ್ನು ಸೋಲಿಸಿದ್ದು 1997ರಲ್ಲಿ. ಭವಿಷ್ಯ ಸುಳ್ಳಾಗಲಿಲ್ಲ, ಬರುವುದು ಮೂವತ್ತು ವರ್ಷ ತಡವಾಯಿತು. ವಿಜ್ಞಾನಕ್ಕೆ ಮೂವತ್ತು ವರ್ಷ ದೊಡ್ಡದಲ್ಲ. ಸಾಲ ಮಾಡಿ ಕಂತು ಕಟ್ಟುವ ಬೆಳೆಗಾರನಿಗೆ ಅದು ಒಂದು ಜೀವಮಾನ.

ಕೊಯ್ಲಿನ ಮಾತಿಗೆ ಬರೋಣ. ಬ್ರೆಜಿಲ್‌ನಲ್ಲಿ ದಶಕಗಳಿಂದ ಯಂತ್ರವೇ ಕಾಫಿ ಕೊಯ್ಯುತ್ತಿದೆ. ಅಲ್ಲಿ ಸಮತಟ್ಟಾದ ಬಯಲು, ನೆರಳಿಲ್ಲದ ಉದ್ದುದ್ದ ಸಾಲುಗಳು. ಯಂತ್ರ ಸಾಲಿನ ಮೇಲೆಯೇ ಸಾಗಿ ಗಿಡ ಅಲುಗಾಡಿಸಿ ಹಣ್ಣು ಉದುರಿಸುತ್ತದೆ. ನಿಮ್ಮಲ್ಲಿ ಇಳಿಜಾರು, ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹಣ್ಣಾದಂತೆ ಎರಡು ಮೂರು ಸುತ್ತು ಕೊಯ್ಯಬೇಕು. ಈ ತೋಟಕ್ಕೆ ಹೊಂದುವ ರೋಬೋ ಬರಲಾರದು ಎಂದು ನಾನು ಹೇಳುವುದಿಲ್ಲ. ಐದು ವರ್ಷದ ಮಾತನ್ನು ನಂಬಿ ಕೆಲಸಗಾರರ ಲೈನ್‌ಮನೆಗಳ ರಿಪೇರಿ ನಿಲ್ಲಿಸಬೇಡಿ ಎನ್ನುತ್ತೇನೆ.

ಈ ಕಂಪನಿಯವರನ್ನು ಅಳೆಯಲು ನಿಮ್ಮ ತೋಟದಲ್ಲೇ ಒಂದು ಒಳ್ಳೆಯ ಪರೀಕ್ಷೆ ಇದೆ: ಬಿಳಿ ಕಾಂಡಕೊರಕ ಎಂಬ ಕೀಟ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಕೊರೆಯುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲೆ ಉಬ್ಬಿದ ಗೆರೆಗಳು. ಎಲೆ ಹಳದಿಯಾಗುವ ಹೊತ್ತಿಗೆ ಗಿಡ ಬಹುಪಾಲು ಕೈತಪ್ಪಿರುತ್ತದೆ. ದುಂಬಿಗಳು ಹೊರಬರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ಗೆ ಮುಂಚೆ ಗಿಡ ಗಿಡವನ್ನೂ ನೋಡಿ, ಹುಳ ಹಿಡಿದದ್ದನ್ನು ಕಿತ್ತು ಸುಡುವುದು ನಿಮಗೆ ಗೊತ್ತೇ ಇದೆ. ಎತ್ತರದಿಂದ ಎಲೆ ನೋಡುವ ಕ್ಯಾಮೆರಾ ಈ ಗೆರೆಗಳನ್ನು ಹೇಗೆ ಕಾಣುತ್ತದೆ ಎಂದು ಕೇಳಿ. ಒಂದು ಎಕರೆ ಅವರಿಗೆ ಬಿಟ್ಟುಕೊಡಿ. ಅದೇ ಎಕರೆಯನ್ನು ನಿಮ್ಮ ಅನುಭವಿ ಕೆಲಸಗಾರರೂ ನೋಡಲಿ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇಲ್ಲದಾಗ ಯಂತ್ರ ಏನು ಮಾಡುತ್ತದೆ, ಕೆಟ್ಟರೆ ಯಾರು ಬರುತ್ತಾರೆ ಎಂಬುದು ಬರಹದಲ್ಲಿರಲಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದ ಅಭಿಪ್ರಾಯವನ್ನೂ ಕೇಳಿ. ಹೂಮಳೆಯಿಂದ ಕೊಯ್ಲಿನವರೆಗೆ ಒಂದು ವರ್ಷ ಪೂರ್ತಿ ನೋಡಿದ ಮೇಲೆ ಕರಾರಿನ ಮಾತು.

ಪ್ರಶ್ನೆ: ಜಗತ್ತಿಗೆ ಐದು ಕಂಪ್ಯೂಟರ್ ಸಾಕು ಎಂದು ಐಬಿಎಂ ಮುಖ್ಯಸ್ಥರು ಹೇಳಿದ್ದರಂತೆ. ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಬಳಸಬಹುದೇ? (ವಿದ್ಯಾರ್ಥಿನಿ, ವಿರಾಜಪೇಟೆ)

ಉತ್ತರ: ಬೇಡಮ್ಮ. ಥಾಮಸ್ ವಾಟ್ಸನ್ ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಹಾಗೆಯೇ, ಕಂಪ್ಯೂಟರಿಗೆ 640 ಕೆಬಿ ಸ್ಮರಣೆ ಇದ್ದರೆ ಎಲ್ಲರಿಗೂ ಸಾಕು ಎಂಬ ಮಾತು ತನ್ನದಲ್ಲ ಎಂದು ಬಿಲ್ ಗೇಟ್ಸ್ ಅವರೇ ಹೇಳಿದ್ದಾರೆ. ನಿಜವಾಗಿ ನಡೆದವೇ ಸಾಕಷ್ಟಿವೆ. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಈಥರ್ನೆಟ್ ತಂತ್ರವನ್ನು ರೂಪಿಸಿದವರಲ್ಲೊಬ್ಬರಾದ ರಾಬರ್ಟ್ ಮೆಟ್‌ಕಾಫ್, 1996ರಲ್ಲಿ ಇಂಟರ್‌ನೆಟ್ ಕುಸಿದುಬೀಳುತ್ತದೆ ಎಂದು 1995ರ ಅಂಕಣದಲ್ಲಿ ಬರೆದರು. ಕುಸಿಯಲಿಲ್ಲ. 1997ರಲ್ಲಿ ತುಂಬಿದ ಸಭೆಯ ಮುಂದೆ ಆ ಅಂಕಣದ ಹಾಳೆಯನ್ನು ಮಿಕ್ಸಿಯಲ್ಲಿ ದ್ರವದೊಂದಿಗೆ ರುಬ್ಬಿ ಸೇವಿಸಿದರು. ತಪ್ಪನ್ನು ಅಷ್ಟು ಬಹಿರಂಗವಾಗಿ ಒಪ್ಪಿಕೊಂಡವರು ಅಪರೂಪ, ಅದಕ್ಕೆ ನನಗೆ ಅವರ ಮೇಲೆ ಗೌರವ. ನಿರ್ವಾತದಲ್ಲಿ ರಾಕೆಟ್ ಕೆಲಸ ಮಾಡದು ಎಂದು 1920ರಲ್ಲಿ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರನ್ನು ಹಂಗಿಸಿದ್ದ ನ್ಯೂಯಾರ್ಕ್ ಟೈಮ್ಸ್ ತಿದ್ದುಪಡಿ ಪ್ರಕಟಿಸಿದ್ದು 1969ರ ಜುಲೈ 17ರಂದು. ಅಪೊಲೊ 11 ಆಗ ಚಂದ್ರನ ದಾರಿಯಲ್ಲಿತ್ತು. ಗೊಡಾರ್ಡ್ ತೀರಿಹೋಗಿ ಸುಮಾರು 24 ವರ್ಷವಾಗಿತ್ತು.

ಪ್ರಶ್ನೆ: 80ರ ದಶಕದಲ್ಲಿ ಬ್ಯಾಂಕಿಗೆ ಕಂಪ್ಯೂಟರ್ ಬೇಡವೆಂದು ಘೋಷಣೆ ಕೂಗಿದವರಲ್ಲಿ ನಾನೂ ಒಬ್ಬ. ಈಗ ಮೊಮ್ಮಕ್ಕಳು ನಗುತ್ತಾರೆ. ನಾವು ಪೂರ್ತಿ ತಪ್ಪಿದ್ದೆವೇ? (ನಿವೃತ್ತ ಬ್ಯಾಂಕ್ ನೌಕರರು, ಮಡಿಕೇರಿ)

ಉತ್ತರ: ಇಲ್ಲ ಸರ್. ಬ್ಯಾಂಕುಗಳಲ್ಲಿ ನೌಕರರೇ ಇಲ್ಲದಾಗುತ್ತಾರೆ ಎಂಬ ಭಯ ನಿಜವಾಗಲಿಲ್ಲ. ಶಾಖೆಗಳು ಹೆಚ್ಚಿದವು, ರಾತ್ರಿಯವರೆಗೆ ಲೆಡ್ಜರ್ ಹಿಡಿದು ಒಂದು ರೂಪಾಯಿ ವ್ಯತ್ಯಾಸ ಹುಡುಕುವ ಕೆಲಸ ಹೋಯಿತು. ಅದು ಹೋದದ್ದಕ್ಕೆ ನೀವೂ ದುಃಖಿಸಿರಲಾರಿರಿ. ಆದರೆ ಗುಮಾಸ್ತ ಹುದ್ದೆಗಳು ಕರಗುತ್ತವೆ ಎಂಬ ನಿಮ್ಮ ಮಾತು ಸುಳ್ಳಾಗಲಿಲ್ಲ. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರಬಂದರು. ಕಂಪ್ಯೂಟರ್ ಒಂದೇ ಅದಕ್ಕೆ ಕಾರಣವಲ್ಲ, ಕಾರಣಗಳಲ್ಲಿ ಅದೂ ಒಂದು. 1983ರಲ್ಲಿ ಸಂಘಗಳು ಮತ್ತು ಬ್ಯಾಂಕುಗಳ ನಡುವೆ ಆದ ಒಪ್ಪಂದ ಯಂತ್ರಗಳನ್ನು ತಡೆಯಲಿಲ್ಲ, ಅವು ಬರುವ ವೇಗಕ್ಕೆ ಲಗಾಮು ಹಾಕಿತು. ಹೊಸ ಕೆಲಸ ಕಲಿಯಲು ನೌಕರರಿಗೆ ಸಿಕ್ಕ ಆ ಕಾಲಾವಕಾಶ ನಿಮ್ಮ ಹೋರಾಟದ ಗಳಿಕೆ ಎಂದೇ ನಾನು ತಿಳಿದಿದ್ದೇನೆ. ಅಂದಿನ ಕರಪತ್ರಗಳು, ಸಂಘದ ಸುತ್ತೋಲೆಗಳು ಮನೆಯಲ್ಲಿದ್ದರೆ ರದ್ದಿಗೆ ಹಾಕಬೇಡಿ. ಒಂದು ಪ್ರತಿಯನ್ನು ಮಡಿಕೇರಿಯ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದನ್ನು ಮೊಮ್ಮಕ್ಕಳ ಮುಂದಿಟ್ಟು, ಅದರಲ್ಲಿ ಯಾವುದು ನಿಜವಾಯಿತು ಎಂದು ಅವರೇ ಗುರುತು ಹಾಕಲಿ.