ಚಂದಾ ಕೇಳುವುದಕ್ಕೆ ನಾಚಿಕೆ ಏಕೆ?

ಓದುಗರ ಪತ್ರ: ಮೂರು ವರ್ಷದಿಂದ ಹಳೆಯ ಹೊಲಿಗೆ ಯಂತ್ರಗಳ ರಿಪೇರಿ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೊ ಮಾಡುತ್ತಿದ್ದೇನೆ. ಒಂದೊಂದಕ್ಕೂ ಎರಡು ದಿನ ಹಿಡಿಯುತ್ತದೆ. 2,300 ಸಬ್‌ಸ್ಕ್ರೈಬರ್‌ಗಳಿದ್ದಾರೆ. ಜಾಹೀರಾತಿನ ಹಣ ಯಂತ್ರಕ್ಕೆ ಬಿಡುವ ಎಣ್ಣೆಗೂ ಸಾಲದು. ನೋಡುವವರನ್ನೇ ಕೇಳೋಣ ಎಂದರೆ ಮನೆಯಲ್ಲಿ ‘ಅದು ಕೈಚಾಚಿದ ಹಾಗೆ’ ಅನ್ನುತ್ತಾರೆ. ಸೂಜಿ ಮಾರುವ ಕಂಪನಿಯೊಂದು ತನ್ನ ಸೂಜಿಯನ್ನು ಹೊಗಳಿದರೆ ಹಣ ಕೊಡುತ್ತೇನೆ ಎಂದಿದೆ. ಏನು ಮಾಡಲಿ? ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ಕೈಚಾಚಿದ ಹಾಗೆ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ಉಳಿದದ್ದೆಲ್ಲ ಲೆಕ್ಕದ ವಿಷಯ, ಕೂತು ಬಿಡಿಸಬಹುದು. ಇದು ಮನಸ್ಸಿನಲ್ಲಿ ಚುಚ್ಚುವ ಮಾತು. ಆದ್ದರಿಂದ ಮೊದಲು ಇದಕ್ಕೇ ಉತ್ತರ ಹೇಳುತ್ತೇನೆ.

ನಮ್ಮ ಪತ್ರಿಕೆ ನಡೆಯುವುದು ಚಂದಾ ಹಣದಿಂದ. ‘ಚಂದಾ’ ಎಂದರೆ ಪತ್ರಿಕೆಗೆ ವರ್ಷಕ್ಕೊಮ್ಮೆ ಕಟ್ಟುವ ಹಣ. ಹತ್ತು ಜನ ಸೇರಿ ಒಂದು ಕೆಲಸ ನಡೆಯಲಿ ಎಂದು ಹಾಕುವ ಪಾಲಿಗೂ ನಾವು ಚಂದಾ ಎಂದೇ ಹೇಳುತ್ತೇವೆ. ಎರಡಕ್ಕೂ ಒಂದೇ ಮಾತು ಸಲ್ಲುತ್ತದೆ, ಅಲ್ವಾ? ನಮ್ಮ ಪತ್ರಿಕೆ ಓದುವವರೆಲ್ಲ ಚಂದಾ ಕೊಟ್ಟವರಲ್ಲ. ಒಂದು ಪ್ರತಿ ನಾಲ್ಕು ಕೈ ದಾಟುತ್ತದೆ. ಕೊಟ್ಟವರಿಗೆ ಅದು ಗೊತ್ತು, ಅದರಿಂದ ಅವರಿಗೆ ಬೇಸರವೂ ಇಲ್ಲ. ಪತ್ರಿಕೆ ಮುಂದಿನ ತಿಂಗಳೂ ಬರಲಿ ಎಂದು ಕೊಡುತ್ತಾರೆ. ನೀವು ಕೇಳಬೇಕಾದದ್ದೂ ಇಂಥದ್ದೇ ಹಣ. ಮಾಡಿದ ಕೆಲಸ ಎದುರಿಗಿಟ್ಟು, ‘ಇದು ಮುಂದುವರಿಯಬೇಕಾದರೆ ಇಷ್ಟು ಬೇಕು’ ಎಂದು ಹೇಳುವುದು ಬೇಡುವುದಾಗುವುದಿಲ್ಲ.

ಈಗ ಜಾಹೀರಾತಿನ ಮಾತು. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳಿರಬೇಕು. ಜೊತೆಗೆ ವರ್ಷದೊಳಗೆ ಜನ 4,000 ಗಂಟೆ ನೋಡಿರಬೇಕು, ಇಲ್ಲವೇ ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳಿಗೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್ ಬಂದಿರಬೇಕು. ನೀವು ಆ ಹೊಸ್ತಿಲು ದಾಟಿದ್ದೀರಿ. ಉದ್ದನೆಯ ವಿಡಿಯೊದ ಜಾಹೀರಾತಿನಲ್ಲಿ 100ಕ್ಕೆ 55 ಪಾಲು ನಿಮಗೆ. ಪಾಲು ಚೆನ್ನಾಗಿಯೇ ಇದೆ. ಆದರೆ ಯಾವುದರಲ್ಲಿ ಪಾಲು ಅನ್ನುವುದು ಮುಖ್ಯ. ಜಾಹೀರಾತಿನ ದರ ಜಾಹೀರಾತು ಕೊಡುವವರ ನಡುವಿನ ಹರಾಜಿನಲ್ಲಿ ನಿಲ್ಲುತ್ತದೆ. ನೋಡುವವರು ಯಾವ ದೇಶದವರು, ವಿಷಯ ಯಾವುದು, ವರ್ಷದ ಯಾವ ತಿಂಗಳು, ಎಲ್ಲವೂ ಅದನ್ನು ಏರಿಸುತ್ತವೆ, ಇಳಿಸುತ್ತವೆ. ನಿಮ್ಮ ವಿಡಿಯೊ ನೋಡಿ ಒಬ್ಬರು ಕೆಟ್ಟು ನಿಂತ ಯಂತ್ರವನ್ನು ಮತ್ತೆ ಓಡಿಸಿಕೊಂಡರೂ, ಇನ್ನೊಬ್ಬರು ಸುಮ್ನೆ ಕಣ್ಣಾಡಿಸಿ ಹೋದರೂ, ಆ ಹರಾಜಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಲಕ್ಷಗಟ್ಟಲೆ ಜನ ನೋಡುವ ಚಾನೆಲ್‌ಗೆ ಈ ಲೆಕ್ಕ ಹೊಂದುತ್ತದೆ. ನಿಮ್ಮಂಥವರಿಗೆ ಎಂದೂ ಹೊಂದುವುದಿಲ್ಲ.

ಇದು ನಿಮ್ಮೊಬ್ಬರ ಕಷ್ಟವಲ್ಲ. ಜಾಕ್ ಕಾಂಟಿ ಎಂಬ ಅಮೆರಿಕದ ಸಂಗೀತಗಾರರು ಒಂದು ವಿಡಿಯೊಗಾಗಿ ತಿಂಗಳುಗಟ್ಟಲೆ ದುಡಿದು, ಕೈಯಿಂದ ದೊಡ್ಡ ಮೊತ್ತ ಹಾಕಿದ್ದರು. ಎಷ್ಟೇ ಜನ ನೋಡಿದರೂ ಜಾಹೀರಾತಿನಿಂದ ಅದರ ಸಣ್ಣ ಚೂರೂ ಮರಳದು ಎಂದು ಅವರಿಗೆ ಗೊತ್ತಿತ್ತು. ಆ ನೋವಿನಲ್ಲೇ 2013ರಲ್ಲಿ ಸ್ಯಾಮ್ ಯಾಮ್ ಜೊತೆ ಸೇರಿ ಪೇಟ್ರಿಯಾನ್ ಶುರುಮಾಡಿದರು. ಇಷ್ಟಪಡುವವರು ತಿಂಗಳಿಗೆ ಇಷ್ಟು ಎಂದು ನೇರವಾಗಿ ಕೊಡುವ ಏರ್ಪಾಟು ಅದು.

ಕೆವಿನ್ ಕೆಲಿ ಎಂಬ ಲೇಖಕರು 2008ರಲ್ಲೇ ಒಂದು ಲೆಕ್ಕ ಹೇಳಿದ್ದರು. ನಿಜವಾಗಿ ಮೆಚ್ಚುವ 1,000 ಜನ ವರ್ಷಕ್ಕೆ ತಲಾ 100 ಡಾಲರ್ ಕೊಟ್ಟರೆ ಕಲಾವಿದರೊಬ್ಬರ ಜೀವನ ನಡೆಯುತ್ತದೆ ಎಂದು. ಆ ಸಾವಿರವನ್ನು ಎಲ್ಲರೂ ನೆನಪಿಟ್ಟುಕೊಂಡರು. ಹಣ ನಡುವೆ ಯಾರ ಕೈಗೂ ಹೋಗದೆ ನೇರವಾಗಿ ಬರಬೇಕು ಎಂಬ ಶರತ್ತನ್ನು ಬಹಳ ಜನ ಮರೆತರು. ನನಗೆ ಮುಖ್ಯ ಅನ್ನಿಸುವುದು ಅದೇ.

ಏಕೆಂದರೆ ನಡುವೆ ಸೋರುವುದು ತುಂಬಾ ಇದೆ. ನೋಡುವವರು ಚಾನೆಲ್‌ಗೆ ತಿಂಗಳು ತಿಂಗಳು ಹಣ ಕಟ್ಟುವ ಯೂಟ್ಯೂಬ್ ಮೆಂಬರ್‌ಶಿಪ್‌ನಲ್ಲಿ 100ಕ್ಕೆ 70 ನಿಮಗೆ, 30 ಅವರಿಗೆ. ಬರೆಯುವವರಿಗೆ ಇಮೇಲ್ ಪತ್ರಿಕೆ ನಡೆಸಿ ಚಂದಾ ಕೂಡಿಸಲು ನೆರವಾಗುವ ಸಬ್‌ಸ್ಟ್ಯಾಕ್ 10 ಪಾಲು ಹಿಡಿಯುತ್ತದೆ. ಇದು ಕಣ್ಣಿಗೆ ಕಾಣುವ ಸೋರಿಕೆ. ಕಾಣದ ಸೋರಿಕೆ ಕಾರ್ಡ್ ಪಾವತಿಯಲ್ಲಿದೆ, ಸಣ್ಣ ಮೊತ್ತಗಳನ್ನು ಕೊಲ್ಲುವುದು ಅದೇ. ಕಾರ್ಡ್ ಪಾವತಿ ನಡೆಸಿಕೊಡುವ ಸ್ಟ್ರೈಪ್ ಕಂಪನಿಯ ಅಮೆರಿಕದ ಸಾಮಾನ್ಯ ದರ ನೋಡಿ: ಒಂದೊಂದು ಪಾವತಿಗೂ ಶೇಕಡಾ 2.9, ಅದರ ಮೇಲೆ 30 ಸೆಂಟ್. ಒಬ್ಬರು ತಿಂಗಳಿಗೆ ಒಂದು ಡಾಲರ್ ಕೊಟ್ಟರೆ ಪ್ರತಿ ಸಲವೂ ಸುಮಾರು 33 ಸೆಂಟ್ ಹೋಗುತ್ತದೆ. ವರ್ಷಕ್ಕೆ ಸುಮಾರು ನಾಲ್ಕು ಡಾಲರ್. ಅದೇ 12 ಡಾಲರನ್ನು ವರ್ಷಕ್ಕೊಂದೇ ಸಲ ಕೊಟ್ಟರೆ ಹೋಗುವುದು 65 ಸೆಂಟ್ ಮಾತ್ರ. ಆದ್ದರಿಂದ ವರ್ಷದ ಚಂದಾ ಇಡಿ. ತಿಂಗಳ ಲೆಕ್ಕವೇ ಬೇಕು ಎನ್ನುವವರಿಗೆ ಅದೂ ಇರಲಿ, ಆದರೆ ಮೊದಲು ಕಾಣುವುದು ವರ್ಷದ್ದಾಗಿರಲಿ. ಆಯಾ ದೇಶದ ದರ ಬೇರೆ ಇರುತ್ತದೆ, ಶುರುಮಾಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಕೊಡುವವರಿಗೆ ಬ್ರೌಸರ್‌ನಿಂದಲೇ ಕೊಡಲು ಹೇಳಿ. ಫೋನಿನ ಆ್ಯಪ್ ಒಳಗಿಂದ ಕೊಟ್ಟರೆ ಆ್ಯಪ್ ಸ್ಟೋರ್‌ನವರು 30 ಪಾಲಿನವರೆಗೂ ಹಿಡಿಯುವುದುಂಟು.

ಈ ಸಣ್ಣ ಮೊತ್ತದ ವಿಷಯದಲ್ಲಿ ಪೇಟ್ರಿಯಾನ್ ಒಮ್ಮೆ ಕೈ ಸುಟ್ಟುಕೊಂಡಿತು. 2017ರ ಡಿಸೆಂಬರ್‌ನಲ್ಲಿ ಪಾವತಿಯ ಖರ್ಚನ್ನು ಕೊಡುವವರ ಮೇಲೇ ಹಾಕುತ್ತೇವೆ ಎಂದು ಹೇಳಿತು. ಒಂದು ಡಾಲರ್ ಕೊಡುತ್ತಿದ್ದವರು 1.38 ಡಾಲರ್ ಕೊಡಬೇಕಾಗುತ್ತಿತ್ತು. ಹತ್ತಾರು ಜನರಿಗೆ ಒಂದೊಂದು ಡಾಲರ್ ಹಂಚುತ್ತಿದ್ದವರು ಬೇಸತ್ತು ನಿಲ್ಲಿಸಿದರು. ಪೆಟ್ಟು ಬಿದ್ದದ್ದು ಆ ಹಣ ನಂಬಿದ್ದ ಸಣ್ಣ ಕಲಾವಿದರಿಗೆ. ಸುಮಾರು ಒಂದು ವಾರದಲ್ಲೇ ಕಂಪನಿ ಕ್ಷಮೆ ಕೇಳಿ ಆ ಯೋಜನೆ ಕೈಬಿಟ್ಟಿತು. ಆ ಒಂದು ಡಾಲರಿನವರ ಸಿಟ್ಟು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೊಡುವ ಹಣ ಚಿಕ್ಕದಾದರೂ ಅದು ಯಾರಿಗೆ ಸೇರುತ್ತದೆ ಎಂಬುದು ಅವರಿಗೆ ಚಿಕ್ಕ ವಿಷಯವಾಗಿರಲಿಲ್ಲ.

ಇನ್ನು ಕೊಟ್ಟವರಿಗೆ ಬದಲಾಗಿ ಏನು ಕೊಡುವುದು? ಇಲ್ಲಿ ನಮ್ಮ ತಪ್ಪೊಂದನ್ನು ಹೇಳಲೇಬೇಕು. ಒಂದು ವರ್ಷ ಚಂದಾದಾರರಿಗೆಲ್ಲ ಉಡುಗೊರೆ ಕಳಿಸುತ್ತೇವೆ ಎಂದು ಹೊರಟೆವು. ಕಟ್ಟುವುದು, ವಿಳಾಸ ಬರೆಯುವುದು, ತಲುಪದಿದ್ದವರಿಗೆ ಮತ್ತೆ ಕಳಿಸುವುದು, ಹೀಗೆ ಮೂರು ವಾರ ಹೋಯಿತು. ಆ ತಿಂಗಳ ಸಂಚಿಕೆ ತಡವಾಯಿತು. ಹಳೆಯ ಚಂದಾದಾರರೊಬ್ಬರು ಬರೆದರು: ‘ಉಡುಗೊರೆ ಬಂತು. ಪತ್ರಿಕೆ ಎಲ್ಲಿ?’ ಆ ಕಾಗದವನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ನೀವು ಹೆಚ್ಚುವರಿ ವಿಡಿಯೊ, ವಾರಕ್ಕೊಂದು ಲೈವ್, ಒಬ್ಬೊಬ್ಬರಿಗೂ ಕಾರ್ಡು ಎಂದು ಮಾತು ಕೊಟ್ಟರೆ ಆ ಎರಡು ದಿನ ಎಲ್ಲಿಂದ ತರುತ್ತೀರಿ? ಕೆಲಸಕ್ಕೆ ಬಿಡುವು ಸಿಗಲಿ ಎಂದು ಕೇಳಿದ ಹಣ ಕೆಲಸವನ್ನೇ ತಿಂದುಬಿಡುತ್ತದೆ. ವಿಡಿಯೊದ ಕೊನೆಯಲ್ಲಿ ಅವರ ಹೆಸರು ಹಾಕಿ. ಮುಂದೆ ಯಾವ ಯಂತ್ರ ಬಿಚ್ಚಬೇಕು ಎಂದು ಅವರನ್ನು ಕೇಳಿ. ಅಷ್ಟು ಸಾಕು.

ವಿಡಿಯೊಗಳಿಗೆ ಬೀಗ ಹಾಕಬೇಡಿ. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ, ಬಾಬಿನ್‌ನಲ್ಲಿ ದಾರ ಸಿಕ್ಕಿಕೊಂಡಿದೆ ಎಂದು ಹುಡುಕಿ ಬರುವ ಹೊಸಬರು ನಿಮ್ಮನ್ನು ಕಾಣುವುದೇ ಅವುಗಳಿಂದ. ಇವತ್ತಿನ ಹೊಸಬರಲ್ಲೇ ನಾಳೆ ಚಂದಾ ಕೊಡುವವರೂ ಇರುತ್ತಾರೆ.

ಸೂಜಿ ಕಂಪನಿಯ ಹಣವನ್ನು ಈ ಶರತ್ತಿನ ಮೇಲೆ ತೆಗೆದುಕೊಳ್ಳಬೇಡಿ. ಸ್ಪಾನ್ಸರ್ ಹಣ ತಪ್ಪಲ್ಲ. ‘ಈ ವಿಡಿಯೊಗೆ ಇಂಥವರು ಹಣ ಕೊಟ್ಟಿದ್ದಾರೆ’ ಎಂದು ಮೊದಲೇ ಹೇಳಿ, ಸೂಜಿಯ ಬಗ್ಗೆ ಅನ್ನಿಸಿದ್ದನ್ನು ಹೇಳಲು ಬಿಟ್ಟರೆ ಒಪ್ಪಿಕೊಳ್ಳಿ. ಹೊಗಳಿದರೆ ಮಾತ್ರ ಹಣ ಎಂದರೆ ಬೇಡ ಎನ್ನಿ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟವಿದ್ದವರ ಇಮೇಲ್ ವಿಳಾಸಗಳನ್ನು ಇಂದಿನಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ವೈನ್ ಎಂಬ ಚಿಕ್ಕ ವಿಡಿಯೊಗಳ ಆ್ಯಪ್ ಇತ್ತು. ಅದನ್ನು ಮುಚ್ಚುವ ಸುದ್ದಿ 2016ರ ಅಕ್ಟೋಬರ್‌ನಲ್ಲಿ ಬಂತು, ಮುಂದಿನ ಜನವರಿಯಲ್ಲಿ ಮುಚ್ಚಿಯೇಹೋಯಿತು. ಅಲ್ಲಿ ಲಕ್ಷಾಂತರ ಅಭಿಮಾನಿಗಳಿದ್ದವರೂ ಅವರನ್ನು ಬೇರೆ ಕಡೆ ಮೊದಲಿನಿಂದ ಸೇರಿಸಿಕೊಳ್ಳಬೇಕಾಯಿತು. ನಮ್ಮ ಕಚೇರಿಗೆ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಳ್ಳುವುದು ಚಂದಾದಾರರ ಪಟ್ಟಿಯನ್ನು.

ಹೇಗೆ ಕೇಳುವುದು ಎಂದು ತಿಳಿಯದಿದ್ದರೆ ಹೀಗೆ ಹೇಳಿ: ‘ಈ ವಿಡಿಯೊಗೆ ಎರಡು ದಿನ ಹಿಡಿಯಿತು. ಜಾಹೀರಾತಿನಿಂದ ಖರ್ಚು ಹುಟ್ಟುವುದಿಲ್ಲ. ವರ್ಷಕ್ಕೆ ಇಷ್ಟು ಚಂದಾ ಐವತ್ತು ಜನ ಕೊಟ್ಟರೆ ತಿಂಗಳಿಗೆ ಎರಡು ವಿಡಿಯೊ ಖಂಡಿತ ಮಾಡುತ್ತೇನೆ. ಕೊಡಲಾಗದವರು ಸುಮ್ನೆ ನೋಡಿ, ನಿಮಗೂ ಸ್ವಾಗತ.’ ಇದನ್ನು ವಿಡಿಯೊದ ನಡುವೆ, ಯಂತ್ರ ಬಿಚ್ಚಿಟ್ಟ ಮೇಜಿನ ಎದುರು ಕೂತು ಹೇಳಿ. ಐವತ್ತರಲ್ಲಿ ಎಷ್ಟು ಜನ ಸೇರಿದರು ಎಂದು ಪ್ರತಿ ತಿಂಗಳೂ ತಿಳಿಸಿ. ಮೊದಲ ತಿಂಗಳು ಆರೇ ಜನ ಬಂದರೆ ಆರು ಎಂದೇ ಹೇಳಿ. ಮಧ್ಯದಲ್ಲಿ ನಿಲ್ಲಿಸಿದವರಿಗೆ ಕಾರಣ ಕೇಳಬೇಡಿ, ಇಷ್ಟು ದಿನ ಜೊತೆಗಿದ್ದದ್ದಕ್ಕೆ ಎರಡು ಸಾಲು ಬರೆದು ಕಳಿಸಿ. ಈ ಉತ್ತರವನ್ನು ಮನೆಯವರಿಗೂ ಓದಿ ಹೇಳಿ. ಅವರಿಗೆ ಒಪ್ಪಿಗೆಯಾಗದಿದ್ದರೆ ಅವರೇ ನನಗೊಂದು ಪತ್ರ ಬರೆಯಲಿ. ಅದನ್ನೂ ಇದೇ ಪುಟದಲ್ಲಿ ಹಾಕುತ್ತೇನೆ.

— ಸಂಪಾದಕ